ಮಳೆಗಾಲದ ಮಡಿಕೇರಿಯಲ್ಲಿ ಪ್ರಿಂಟರ್ ಕಾಗದ

ಹೋದ ವರ್ಷ ಕಕ್ಕಡ ತಿಂಗಳ (ಜುಲೈ–ಆಗಸ್ಟ್ ನಡುವಿನ ಕೊಡವ ತಿಂಗಳು) ಒಂದು ಶನಿವಾರ, ನಮ್ಮ ಕಾಫಿ ತೋಟದ ಕಚೇರಿಯ ಪ್ರಿಂಟರಿನ ಟ್ರೇ ತುಂಬ ಕಾಗದ ಬಿಟ್ಟು ಬೀಗ ಹಾಕಿದ್ದೆ. ಸೋಮವಾರ ಕೂಲಿ ಪಟ್ಟಿ ತೆಗೆಯಲು ಕುಳಿತರೆ ಎರಡೆರಡು ಹಾಳೆ ಅಂಟಿಕೊಂಡು ಒಳಗೆ ಹೋಗುತ್ತಿದ್ದವು. ಹೊರಬಂದವು ಸುಟ್ಟ ಹಪ್ಪಳದಂತೆ ಮುದುಡಿದ್ದವು, ಅಕ್ಷರ ಅಲ್ಲಲ್ಲಿ ಮಸುಕು. ಕುಶಾಲನಗರದಿಂದ ಬಂದ ರಿಪೇರಿಯವರು ಯಂತ್ರ ಬಿಚ್ಚಲೇ ಇಲ್ಲ. ಹೊಸ ಪ್ಯಾಕೆಟ್ ಒಡೆದು ಹಾಕಿದರು, ಪ್ರಿಂಟರ್ ಸಲೀಸಾಗಿ ಓಡಿತು.

ಒಣಗಿಸಿದ ಕಾಫಿ ಬೀಜ ಮಳೆಗಾಲದಲ್ಲಿ ತೇವ ಎಳೆದುಕೊಂಡು ಬಿಳಿಚಿಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ. ಕಾಗದವೂ ಹಾಗೆಯೇ ತೇವ ಕುಡಿಯುತ್ತದೆ. ಲೇಸರ್ ಪ್ರಿಂಟರಿನಲ್ಲಿ ಟೋನರ್ ಎಂಬ ಶಾಯಿಪುಡಿ ಹಾಳೆಗೆ ಹತ್ತುವುದು ವಿದ್ಯುದಾವೇಶದ ಬಲದಿಂದ. ಒದ್ದೆ ಕಾಗದದಲ್ಲಿ ಆವೇಶ ಸೋರಿಹೋಗುವುದರಿಂದ ಅಕ್ಷರ ಮಸುಕಾಗುತ್ತದೆ. ಆಮೇಲೆ ಪುಡಿಯನ್ನು ಕರಗಿಸಿ ಹಾಳೆಗೆ ಅಂಟಿಸುವ ಬಿಸಿ ರೋಲರಿಗೆ ಸಿಕ್ಕಾಗ ಒಳಗಿನ ನೀರು ಆವಿಯಾಗಿ ಹಾಳೆ ಸುರುಳಿಕೊಳ್ಳುತ್ತದೆ.

ಕೊಳ್ಳುವಾಗ ಪ್ಯಾಕೆಟ್ಟಿನ ಮೇಲಿನ ಜಿಎಸ್‌ಎಂ ನೋಡಿ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂಬುದು. 80 ಜಿಎಸ್‌ಎಂನ ಒಂದು ಎ4 ಹಾಳೆ 5 ಗ್ರಾಂ ತೂಗುತ್ತದೆ, 500 ಹಾಳೆಗೆ ಎರಡೂವರೆ ಕಿಲೋ. 70 ಆದರೆ ಸುಮಾರು 2.2 ಕಿಲೋ. ನಾನು ತೋಟದ ತಕ್ಕಡಿಯಲ್ಲಿಟ್ಟು ನೋಡಿಯೇ ಬಿಲ್ಲಿಗೆ ಸಹಿ ಮಾಡುತ್ತೇನೆ. ಬೇಸಿಗೆಯಲ್ಲಿ ದಿನದ ಕೆಲಸಕ್ಕೆ 70 ಸಾಕು. ಮಳೆ ಹಿಡಿದ ಮೇಲೆ ತೆಳು ಹಾಳೆ ಬೇಗ ಮೆತ್ತಗಾಗುತ್ತದೆ, ಆದ್ದರಿಂದ ಆಗ 75 ಅಥವಾ 80 ತರಿಸುತ್ತೇನೆ. ಕರಾರು ಪತ್ರಕ್ಕೆ ಬಳಸುವ ದಪ್ಪ ಲೆಡ್ಜರ್ ಕಾಗದ ಹಾಕುವಾಗ ಪ್ರಿಂಟರಿನ ಸೆಟ್ಟಿಂಗಿನಲ್ಲಿ ದಪ್ಪ ಕಾಗದ ಎಂದು ಆರಿಸಲೇಬೇಕು. ಇಲ್ಲದಿದ್ದರೆ ಬೆರಳಿನಿಂದ ಉಜ್ಜಿದರೆ ಅಕ್ಷರ ಉದುರುತ್ತದೆ. ದ್ರವ ಶಾಯಿ ಸಿಂಪಡಿಸುವ ಇಂಕ್‌ಜೆಟ್ ಪ್ರಿಂಟರಿಗೆಂದು ಮಾಡಿದ ಹೊಳಪಿನ ಫೋಟೋ ಕಾಗದವನ್ನು ಲೇಸರಿಗೆ ಎಂದಿಗೂ ಹಾಕಬೇಡಿ. ಅದರ ಲೇಪ ಕರಗಿ ರೋಲರಿಗೆ ಹಿಡಿದರೆ ಖರ್ಚು ದೊಡ್ಡದು.

ಪ್ಯಾಕೆಟ್ಟಿನ ಹೊದಿಕೆ ತೇವ ತಡೆಯುವಂಥದ್ದು, ಬೇಕಾದಾಗ ಮಾತ್ರ ಒಡೆಯಿರಿ. ಸಿಮೆಂಟ್ ನೆಲದ ಮೇಲೆ, ಗೋಡೆಗೆ ತಾಗಿಸಿ ಇಡಬೇಡಿ. ನಾನು ಮರದ ಹಲಗೆಯ ಮೇಲೆ, ಮಲಗಿಸಿ ಇಡುತ್ತೇನೆ. ಟ್ರೇಗೆ ಹಾಕುವ ಮುಂಚೆ ಕಟ್ಟಿನ ಅಂಚುಗಳನ್ನು ಹೆಬ್ಬೆರಳಿನಿಂದ ಬಿಡಿಸಿ, ಹಾಳೆಗಳ ನಡುವೆ ಗಾಳಿ ಆಡಿಸಿ, ಮೇಜಿಗೆ ಕುಟ್ಟಿ ಸಮ ಮಾಡಿ. ಹೊದಿಕೆಯ ಮೇಲೆ ಬಾಣದ ಗುರುತಿದ್ದರೆ ಅದು ತೋರಿಸುವ ಬದಿಗೆ ಮೊದಲು ಅಚ್ಚು ಬೀಳುವಂತೆ ಜೋಡಿಸಿ. ಟ್ರೇಯ ಒಳಗಿನ ಗೆರೆ ಮೀರಿ ತುಂಬಬೇಡಿ. ಪಕ್ಕದ ಗೈಡುಗಳು ಹಾಳೆಗೆ ತಾಗಿದರೆ ಸಾಕು, ಬಿಗಿಯಬಾರದು.

ಹಾಳೆ ಸಿಕ್ಕಿಕೊಂಡರೆ ಸ್ವಿಚ್ ಆಫ್ ಮಾಡಿ, ರೋಲರ್ ತಣ್ಣಗಾಗಲು ಬಿಡಿ. ಆಮೇಲೆ ಎರಡೂ ಕೈಯಿಂದ ಹಿಡಿದು, ಕಾಗದ ಸಾಗುವ ದಿಕ್ಕಿಗೇ ನಿಧಾನವಾಗಿ ಎಳೆಯಿರಿ. ಹರಿದರೆ ತುಂಡುಗಳನ್ನು ಜೋಡಿಸಿ ನೋಡಿ. ಒಂದು ಚೂರು ಒಳಗುಳಿದರೂ ಮುಂದಿನ ಹಾಳೆ ಅಲ್ಲೇ ನಿಲ್ಲುತ್ತದೆ.

ಈಗ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಳಿಗ್ಗೆ ಐವತ್ತೇ ಹಾಳೆ ಹಾಕುತ್ತೇನೆ. ಸಂಜೆ ಉಳಿದದ್ದನ್ನು ಅಕ್ಕಿ ಹಾಕುವಂಥ ಬಿಗಿ ಮುಚ್ಚಳದ ಡಬ್ಬಿಯೊಳಗಿಟ್ಟು, ಆಮೇಲೆ ಕಚೇರಿಗೆ ಬೀಗ ಹಾಕುತ್ತೇನೆ.