ಬೆಡಾಕ್ವಿಲಿನ್ ಕೊಟ್ಟ ಮೇಲೆ ಎಟಿಪಿ ಅಳೆಯುವುದು: ನಮ್ಮ ಅನುಭವ

ಬೆಡಾಕ್ವಿಲಿನ್ ಕ್ಷಯದ ಔಷಧಿ; ಬ್ಯಾಕ್ಟೀರಿಯಾ ಎಟಿಪಿ (ಕೋಶದ ಶಕ್ತಿಯ ಅಣು) ತಯಾರಿಸುವುದನ್ನು ತಡೆಯುತ್ತದೆ. ಅದನ್ನು ಕೊಟ್ಟಾಗ ಎಟಿಪಿ ಇಳಿಯುತ್ತದೆಂದು ಲೂಸಿಫರೇಸ್‌ನಿಂದ (ಎಟಿಪಿ ಇದ್ದಷ್ಟು ಬೆಳಕು ಕೊಡುವ ಕಿಣ್ವ) ಅಳೆದು ತೋರಿಸಿದಾಗ, "ಎಟಿಪಿ ಇಳಿದಿಲ್ಲ, ಔಷಧಿ ನಿಮ್ಮ ಲೂಸಿಫರೇಸನ್ನೇ ಕೆಡಿಸಿದೆ" ಅಂದವರೇ ಜಾಸ್ತಿ. ಈಗ ಅವರೇ ಪ್ರೋಟೋಕಾಲ್ ಕೇಳುತ್ತಿದ್ದಾರೆ, ಹಾಗಾಗಿ ಬರೆದಿಡುತ್ತಿದ್ದೇನೆ.

ಬಳಸಿದ್ದು ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮ್ಯಾಟಿಸ್, ಕ್ಷಯದ ಬ್ಯಾಕ್ಟೀರಿಯಾದ ಅಪಾಯ ಕಡಿಮೆಯ ಸಂಬಂಧಿ. ಅಸಲಿ ಕ್ಷಯದ ಬ್ಯಾಕ್ಟೀರಿಯಾಕ್ಕೆ ಬಿಎಸ್‌ಎಲ್-3 (ಹೆಚ್ಚಿನ ಸುರಕ್ಷತೆಯ ಪ್ರಯೋಗಾಲಯ) ಬೇಕು, ದುಪ್ಪಟ್ಟಾಗಲು ಹತ್ತಿರ ಹತ್ತಿರ ಒಂದು ದಿನ; ಇದಕ್ಕೆ ಮೂರು ತಾಸು ಸಾಕು. ಎಟಿಪಿ ತಯಾರಿಸುವ ಕಿಣ್ವವಾದ ಎಟಿಪಿ ಸಿಂಥೇಸಿನ ಸಿ ಉಪಘಟಕಕ್ಕೆ ಔಷಧಿ ಎರಡರಲ್ಲೂ ಕೂರುತ್ತದೆ.

ಮೊದಲು ಕೈಕೊಡುವುದು ಮೀಡಿಯಂ. 7ಎಚ್9 ಎಂಬ ಮೀಡಿಯಂಗೆ ಎಡಿಸಿ (ಆಲ್ಬುಮಿನ್, ಡೆಕ್ಸ್‌ಟ್ರೋಸ್, ಕ್ಯಾಟಲೇಸ್ ಮಿಶ್ರಣ) ಹಾಕಿದರೆ ಅದರಲ್ಲಿರುವ ಆಲ್ಬುಮಿನ್ ಬೆಡಾಕ್ವಿಲಿನ್ನನ್ನು ಹಿಡಿದುಕೊಳ್ಳುತ್ತದೆ, ಎಂಐಸಿ (ಬೆಳವಣಿಗೆ ತಡೆಯುವ ಔಷಧಿಯ ಕನಿಷ್ಠ ಪ್ರಮಾಣ) ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ. ಎಡಿಸಿ ಬಿಟ್ಟು 0.2% ಗ್ಲಿಸರಾಲ್, ಕೋಶಗಳು ಗಂಟಾಗದಿರಲು ಟ್ವೀನ್ ಬದಲು ಸ್ವಲ್ಪ ಟೈಲಾಕ್ಸಪಾಲ್ ಹಾಕಿದೆವು. ಔಷಧಿ ಪ್ಲಾಸ್ಟಿಕ್ಕಿಗೂ ಅಂಟುತ್ತದೆ. ಡೈಲ್ಯೂಷನ್ನೆಲ್ಲ ಡಿಎಂಎಸ್‌ಓ ಎಂಬ ದ್ರಾವಕದಲ್ಲೇ, ಗಾಜಿನ ವಯಲ್‌ನಲ್ಲೇ ಮಾಡಿ. ಕೊನೆಗೆ ಪ್ಲೇಟಿನ ವೆಲ್‌ನಲ್ಲಿ (ಗುಳಿಯಲ್ಲಿ) ಡಿಎಂಎಸ್‌ಓ 1% ದಾಟಬಾರದು, ಕಂಟ್ರೋಲ್‌ಗೂ ಅಷ್ಟೇ ಇರಬೇಕು. ಗಂಟುಗಂಟಾದ ಕಲ್ಚರನ್ನು 26 ಗೇಜ್ ಸೂಜಿಯಲ್ಲಿ ಹಾಯಿಸಿ, ಐದು ನಿಮಿಷ ಬಿಟ್ಟು ಮೇಲಿನದನ್ನು ಮಾತ್ರ ತೆಗೆದುಕೊಳ್ಳಿ.

ಹೆಚ್ಚಿನವರು ಸೋಲುವುದು ಎಟಿಪಿ ಹೊರತೆಗೆಯುವಾಗ. ಕೋಶಗಳನ್ನು ಸ್ಪಿನ್ ಮಾಡಿ, ತೊಳೆದು, ಆಮೇಲೆ ಕುದಿಸುತ್ತಾರೆ. ತಳಕ್ಕೆ ಕೂತ ಕೋಶಗಳ ಮುದ್ದೆಯ (ಪೆಲೆಟ್‌ನ) ಒಳಗೆ ಆಮ್ಲಜನಕ ಮುಗಿದು, ಔಷಧಿ ಇರಲಿ ಬಿಡಲಿ, ಎಟಿಪಿ ಕುಸಿಯುತ್ತದೆ. 100 ಮೈಕ್ರೋಲೀಟರ್ ಕಲ್ಚರನ್ನು ನೇರವಾಗಿ 900 ಮೈಕ್ರೋಲೀಟರ್ ಕುದಿಯುವ ಟ್ರಿಸ್-ಇಡಿಟಿಎ ಬಫರ್‌ಗೆ (100 ಮತ್ತು 4 ಮಿಲಿಮೋಲಾರ್, ಪಿಎಚ್ 7.75) ಸುರಿಯಿರಿ. ಹತ್ತು ನಿಮಿಷ ಕುದಿಸಿ, ಐಸ್ ಮೇಲಿಟ್ಟು, ಆಮೇಲೆ ಸ್ಪಿನ್.

ಎಟಿಪಿ ಸ್ಟ್ಯಾಂಡರ್ಡನ್ನೂ (ಹೋಲಿಕೆಗೆ ಗೊತ್ತಿರುವಷ್ಟು ಎಟಿಪಿ ಇರುವ ದ್ರಾವಣ) ಇದೇ ಬಫರ್-ಮೀಡಿಯಂ ಮಿಶ್ರಣದಲ್ಲೇ ಮಾಡಬೇಕು. ಇಡಿಟಿಎ ಲೂಸಿಫರೇಸ್‌ಗೆ ಬೇಕಾದ ಮೆಗ್ನೀಸಿಯಂ ಕಟ್ಟಿಹಾಕಿ ಬೆಳಕು ತಗ್ಗಿಸುತ್ತದೆ. ನೀರಿನಲ್ಲಿ ಸ್ಟ್ಯಾಂಡರ್ಡ್ ಮಾಡಿದರೆ ಆ ತಗ್ಗಿದ ಬೆಳಕೇ ಔಷಧಿಯ ಪರಿಣಾಮದಂತೆ ಕಾಣುತ್ತದೆ. ಇನ್ನು ಲೂಸಿಫರೇಸ್ ಆಕ್ಷೇಪಕ್ಕೆ ಉತ್ತರ: ಔಷಧಿ ಇರುವ ಎಕ್ಸ್‌ಟ್ರಾಕ್ಟಿಗೆ ಗೊತ್ತಿರುವಷ್ಟು ಎಟಿಪಿ ಬೆರೆಸಿ ಮತ್ತೆ ಓದಿ. ನಮಗೆ ಸುಮಾರು 90% ವಾಪಸ್ ಸಿಕ್ಕಿತು. ವಾದ ಅಲ್ಲಿಗೇ ಮುಗಿಯಿತು.

ಎಂಐಸಿಯ ಹತ್ತಿಪ್ಪತ್ತು ಪಟ್ಟು ಕೊಟ್ಟಾಗ ಕೆಲವೇ ತಾಸುಗಳಲ್ಲಿ ಎಟಿಪಿ ಅಂದಾಜು ಐದನೇ ಒಂದು ಭಾಗಕ್ಕೆ ಇಳಿದಿತ್ತು, ಸಿಎಫ್‌ಯು (ಬದುಕಿರುವ ಬ್ಯಾಕ್ಟೀರಿಯಾದ ಎಣಿಕೆ) ಮಾತ್ರ ಇದ್ದಲ್ಲೇ. ಲೆಕ್ಕ ಸಿಎಫ್‌ಯುಗೆ ತಕ್ಕಂತೆ ಹಾಕಬೇಕು. ಕಂಟ್ರೋಲ್ ಅಷ್ಟರಲ್ಲಿ ದುಪ್ಪಟ್ಟಾಗಿರುತ್ತದೆ, ಕಚ್ಚಾ ಆರ್‌ಎಲ್‌ಯು (ಬೆಳಕಿನ ಅಳತೆ) ನೋಡಿದರೆ ಇಳಿಕೆ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ದುಡ್ಡು ಹೋಗುವುದು ಲೂಸಿಫರೇಸ್ ಕಿಟ್‌ಗೆ. ಎಕ್ಸ್‌ಟ್ರಾಕ್ಟ್ ಮತ್ತು ಕಿಟ್ 100+100 ಮೈಕ್ರೋಲೀಟರ್ ಅನ್ನುವ ಕಡೆ, ಅರ್ಧ ವಿಸ್ತೀರ್ಣದ ಬಿಳಿ ಪ್ಲೇಟಿನಲ್ಲಿ 25+25 ಸಾಕು. ಒಂದು ಬಾಟಲಿ ನಾಲ್ಕು ಪಟ್ಟು ಬಾಳಿತು. ಪಾರದರ್ಶಕ ಪ್ಲೇಟ್ ಅಗ್ಗವೆಂದು ಹೋಗಬೇಡಿ, ಪಕ್ಕದ ವೆಲ್‌ನ ಬೆಳಕು ಸೋರುತ್ತದೆ.

ಕಾಸಿಲ್ಲದ ಪ್ರಯೋಗವೂ ಒಂದಿದೆ: ಮುಚ್ಚಿದ ಟ್ಯೂಬಿನಲ್ಲಿ 0.001% ಮಿಥಿಲೀನ್ ಬ್ಲೂ. ಆಮ್ಲಜನಕ ಮುಗಿದರೆ ನೀಲಿ ಹೋಗುತ್ತದೆ. ಬೆಡಾಕ್ವಿಲಿನ್ ಕೊಟ್ಟರೂ ಹೋಗುತ್ತದೆ, ಏಕೆಂದರೆ ಅದು ಉಸಿರಾಟ ನಿಲ್ಲಿಸುವುದಿಲ್ಲ. ಉಸಿರಾಟದ ಮುಖ್ಯ ದಾರಿಯನ್ನು ಮುಚ್ಚುವ ಕ್ಯೂ203 ಎಂಬ ಔಷಧಿ ಒಂದನ್ನೇ ಕೊಟ್ಟಾಗಲೂ, ಸೈಟೋಕ್ರೋಮ್ ಬಿಡಿ (bd) ಎಂಬ ಇನ್ನೊಂದು ಕಿಣ್ವ ಹಿಂಬಾಗಿಲಿನಿಂದ ಕೆಲಸ ನಡೆಸುತ್ತದೆ. ಬಿಡಿಯನ್ನೂ ಮುಚ್ಚಿದರೆ ಮಾತ್ರ ನೀಲಿ ಹಾಗೇ ಉಳಿಯುತ್ತದೆ.

ಕ್ಷಯದ ಇನ್ನೊಂದು ಔಷಧಿ ಐಸೋನಿಯಾಜಿಡನ್ನು ಇದೇ ಪ್ಲೇಟಿಗೆ ಸೇರಿಸುವವರಿಗೆ ಒಂದು ಮಾತು: ಬಿಸಿಜಿಯಲ್ಲಿ (ಕ್ಷಯದ ಲಸಿಕೆಯ ಬ್ಯಾಕ್ಟೀರಿಯಾದಲ್ಲಿ) ಅದು ಎಟಿಪಿಯನ್ನು ಇಳಿಸುವ ಬದಲು ಏರಿಸುತ್ತದೆ. ಜೊತೆಗೆ ಬೆಡಾಕ್ವಿಲಿನ್ ಇದ್ದರೆ ಐಸೋನಿಯಾಜಿಡ್ ಕೊಲ್ಲುವುದೂ ತಗ್ಗುತ್ತದೆ. ಹಾಗಾಗಿ ಎರಡಕ್ಕೂ ಬೇರೆ ಬೇರೆ ಕಂಟ್ರೋಲ್ ಇಡಿ.