ನೀರಿನ ಹೊತ್ತು ನೋಡಿ ಗಾಳ ಹಾಕಿ: ಕುಂದಾಪುರದ ಅಳಿವೆಯಲ್ಲಿ ಹವ್ಯಾಸಿ ಮೀನುಗಾರಿಕೆ ಮತ್ತು ದೋಣಿವಿಹಾರ

ಕುಂದಾಪುರ ಪಟ್ಟಣವನ್ನು ಮೂರು ದಿಕ್ಕುಗಳಲ್ಲಿ ನೀರು ಸುತ್ತುವರಿದಿದೆ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮತ್ತು ಖೇಟಾ ಎಂಬ ಐದು ನದಿಗಳು ಕೂಡಿ ಪಂಚಗಂಗಾವಳಿಯಾಗಿ, ಒಂದು ದಡದಲ್ಲಿ ಕೋಡಿಯನ್ನೂ ಇನ್ನೊಂದು ದಡದಲ್ಲಿ ಗಂಗೊಳ್ಳಿಯನ್ನೂ ಇಟ್ಟುಕೊಂಡು ಅರಬ್ಬೀ ಸಮುದ್ರವನ್ನು ಸೇರುತ್ತವೆ. ರಜೆಯಲ್ಲಿ ಮರವಂತೆಗೋ ಕೊಲ್ಲೂರಿಗೋ ಬಂದವರು ಒಂದು ದಿನ ಗಾಳ ಹಾಕಬೇಕು, ಕುದ್ರುಗಳ (ಹೊಳೆಯ ನಡುವಿನ ದ್ವೀಪಗಳ) ನಡುವೆ ದೋಣಿಯಲ್ಲಿ ಸುತ್ತಬೇಕು ಎಂದು ಬಯಸಿದರೆ ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕರಾವಳಿಯಲ್ಲಿ ಬಹಳ ಇಲ್ಲ. ಆದರೆ ಇಲ್ಲಿ ಎಲ್ಲಿಗೆ ಹೋಗಬೇಕು ಎನ್ನುವುದಕ್ಕಿಂತ ಯಾವ ಹೊತ್ತಿಗೆ ಹೋಗಬೇಕು ಎನ್ನುವುದೇ ಮುಖ್ಯ. ಮೀನು ಕಚ್ಚುವುದೂ ದೋಣಿ ಸುರಕ್ಷಿತವಾಗಿ ದಡ ಸೇರುವುದೂ ಉಬ್ಬರ–ಇಳಿತದ ಲೆಕ್ಕಕ್ಕೆ ಸೇರಿದ ಸಂಗತಿಗಳು.

ಮೊದಲು ತಿಂಗಳ ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೊಳೆ ಕೆಂಪಾಗಿ ತುಂಬಿ ಹರಿಯುತ್ತದೆ, ಹೊಳೆ ಕಡಲು ಸೇರುವ ಅಳಿವೆಯಲ್ಲಿ ಅಲೆ ಒಡೆಯುತ್ತಲೇ ಇರುತ್ತದೆ. ಆ ತಿಂಗಳುಗಳಲ್ಲಿ ದೋಣಿವಿಹಾರದ ಯೋಚನೆಯನ್ನೇ ಬಿಡಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಅವಧಿ ಎಲ್ಲಕ್ಕಿಂತ ಹಿತವಾದದ್ದು: ನೀರು ತಿಳಿಯಾಗಿರುತ್ತದೆ, ಬೆಳಗಿನ ಹೊತ್ತು ಗಾಳಿ ಇರುವುದಿಲ್ಲ. ಏಪ್ರಿಲ್–ಮೇ ತಿಂಗಳಲ್ಲೂ ಬರಬಹುದು. ಆದರೆ ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿದ ಅಲೆಗಳು ಆ ದಿನಗಳಲ್ಲಿ ಯಾವ ಗಾಳಿಮಳೆಯ ಸೂಚನೆಯೂ ಇಲ್ಲದೆ ನಮ್ಮ ದಡಕ್ಕೆ ಏರಿ ಬರುವುದುಂಟು. ಹೈದರಾಬಾದಿನಲ್ಲಿರುವ ಇನ್‌ಕಾಯಿಸ್ (ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ) ಸಂಸ್ಥೆ ಇಂತಹ ಅಲೆಗಳ ಮುನ್ನೆಚ್ಚರಿಕೆಯನ್ನು ಪ್ರಕಟಿಸುತ್ತದೆ. ಹೊರಡುವ ಹಿಂದಿನ ರಾತ್ರಿ ಅದನ್ನೊಮ್ಮೆ ನೋಡಿಕೊಳ್ಳುವುದು ಕಡ್ಡಾಯವೆಂದೇ ನಾನು ಹೇಳುತ್ತೇನೆ.

ಇನ್ನು ದಿನದ ಆಯ್ಕೆ. ಸಮುದ್ರದ ನೀರು ಸುಮಾರು ಆರು ಗಂಟೆ ಏರಿ, ಸುಮಾರು ಆರು ಗಂಟೆ ಇಳಿಯುತ್ತದೆ. ಪ್ರತಿದಿನ ಈ ಹೊತ್ತು ಐವತ್ತು ನಿಮಿಷಗಳಷ್ಟು ಮುಂದಕ್ಕೆ ಹೋಗುತ್ತದೆ. ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಸೆಳೆತ ಜೋರು; ಅಷ್ಟಮಿಯ ಆಸುಪಾಸಿನಲ್ಲಿ ಎರಡೂ ಕಡಿಮೆ. ಆದ್ದರಿಂದ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿ ನೋಡಲು ಬಂದರೆ ಅರ್ಧ ಲೆಕ್ಕ ಮುಗಿದಂತೆ. ನಮ್ಮ ಈ ಭಾಗದಲ್ಲಿ ಹುಣ್ಣಿಮೆ–ಅಮಾವಾಸ್ಯೆಗಳಂದು ತುಂಬು ಉಬ್ಬರ ಹೆಚ್ಚುಕಡಿಮೆ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬರುತ್ತದೆ, ಅಂದರೆ ಬೆಳಗಿನ ಜಾವ ನೀರು ತಳ ಕಂಡು, ಅಲ್ಲಿಂದ ಏರುತ್ತ ಹೋಗಿ, ಮಧ್ಯಾಹ್ನದ ನಂತರ ಸಂಜೆಯವರೆಗೂ ಹೊರಗೆ ಹರಿಯುತ್ತದೆ. ಅಷ್ಟಮಿಯ ಹೊತ್ತಿಗೆ ಇದು ತಿರುಗುಮುರುಗಾಗಿ, ಮಧ್ಯಾಹ್ನದಲ್ಲಿ ನೀರು ಒಳಗೆ ಬರುತ್ತಿರುತ್ತದೆ. ಇದು ಅಂದಾಜಿನ ಲೆಕ್ಕವಷ್ಟೆ. ನಿಖರವಾದ ಗಳಿಗೆಗೆ ಭಾರತೀಯ ಸರ್ವೇಕ್ಷಣಾ ಇಲಾಖೆ ಪ್ರತಿವರ್ಷ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವನ್ನೋ, ಮೊಬೈಲಿನಲ್ಲಿ ಸಿಗುವ ಕೋಷ್ಟಕವನ್ನೋ ನೋಡಬೇಕು.

ಈ ಲೆಕ್ಕಕ್ಕೆ ಗಾಳಿಯನ್ನೂ ಸೇರಿಸಿಕೊಳ್ಳಬೇಕು. ಬೇಸಗೆಯ ದಿನಗಳಲ್ಲಿ ಬೆಳಗಿನ ಗಾಳಿ ನೆಲದಿಂದ ಕಡಲಿನ ಕಡೆಗೆ ಮೆಲ್ಲಗೆ ಬೀಸುತ್ತದೆ. ನೆಲ ಕಾದ ಮೇಲೆ, ಹನ್ನೆರಡು ಗಂಟೆಯ ನಂತರ, ವಾಯವ್ಯದಿಂದ ಕಡಲ ಗಾಳಿ ಎದ್ದು ಸಂಜೆಯವರೆಗೂ ಬಲವಾಗುತ್ತ ಹೋಗುತ್ತದೆ. ಈಗ ಹುಣ್ಣಿಮೆಯ ದಿನದ ಮಧ್ಯಾಹ್ನ ಮೂರು ಗಂಟೆಯ ಅಳಿವೆಯನ್ನು ಕಲ್ಪಿಸಿಕೊಳ್ಳಿ. ಐದು ಹೊಳೆಗಳ ನೀರು ಇಳಿತದ ಬಲದೊಂದಿಗೆ ಹೊರಗೆ ನುಗ್ಗುತ್ತಿರುತ್ತದೆ, ಗಾಳಿಯೂ ಅಲೆಯೂ ಅದಕ್ಕೆ ಎದುರಾಗಿ ಒಳಗೆ ಬರುತ್ತಿರುತ್ತವೆ. ಎರಡೂ ಸಂಧಿಸುವ ಮರಳ ದಿಬ್ಬದ ಮೇಲೆ ಅಲೆಗಳ ನಡುವಿನ ಅಂತರ ಕುಗ್ಗಿ, ಅವು ಕಡಿದಾಗಿ, ಒಂದರ ಬೆನ್ನಿಗೊಂದು ಒಡೆಯುತ್ತವೆ. ಹುಟ್ಟಿದಾಗಿನಿಂದ ಇದೇ ನೀರಿನಲ್ಲಿರುವ ಮೀನುಗಾರರೂ ಎಚ್ಚರದಿಂದ ದಾಟುವ ಜಾಗವದು. ಆದ್ದರಿಂದ ಹುಣ್ಣಿಮೆ–ಅಮಾವಾಸ್ಯೆಗಳ ಎರಡು ಮೂರು ದಿನ ಹಿಂದೆಮುಂದೆ ಬೆಳಿಗ್ಗೆ ಆರಕ್ಕೆ ಹೊರಟು ಹನ್ನೊಂದರೊಳಗೆ ದಡಕ್ಕೆ ಬನ್ನಿ. ಸಂಜೆಯ ವಿಹಾರವೇ ಬೇಕಿದ್ದರೆ ಅಷ್ಟಮಿಯ ಆಸುಪಾಸಿನ ದಿನವನ್ನು ಆರಿಸಿಕೊಳ್ಳಿ. ಯಾವ ದಿನವಾದರೂ ಸರಿ, ವಿಹಾರದ ದೋಣಿ ಅಳಿವೆಯಿಂದ ಹೊರಗೆ ಹೋಗಕೂಡದು.

ಒಳಗಿನ ನೀರು ಶಾಂತವಾಗಿದ್ದರೂ ಲೆಕ್ಕ ತಪ್ಪಬಾರದು. ಹಲವು ವರ್ಷಗಳ ಹಿಂದೆ ಅಮಾವಾಸ್ಯೆಯ ಮರುದಿನ ಮಧ್ಯಾಹ್ನ, ಮನೆಯವರನ್ನೆಲ್ಲ ಕೂರಿಸಿಕೊಂಡು ಕುದ್ರುವೊಂದರ ಹಿಂಬದಿಗೆ ಹೋಗಿ, ಮಾತಿನಲ್ಲಿ ಹೊತ್ತು ಕಳೆದು, ಹೊರಡುವಷ್ಟರಲ್ಲಿ ನಮ್ಮ ದೋಣಿಯ ತಳ ಮರಳಿಗೆ ಕೂತಿತ್ತು. ಇಳಿದು ತಳ್ಳಲು ಹೋದವರ ಕಾಲು ಮೊಣಕಾಲಿನವರೆಗೆ ಕೆಸರಿನಲ್ಲಿ ಹೂತುಹೋಯಿತು, ಚಿಪ್ಪುಗಳು ಪಾದವನ್ನು ಸೀಳಿದವು. ನೀರು ಮರಳಿ ಏರುವವರೆಗೆ, ಕತ್ತಲಾಗುವ ತನಕ, ಮಕ್ಕಳೊಂದಿಗೆ ಅಲ್ಲಿಯೇ ಕಾಯಬೇಕಾಯಿತು. ಏರುವ ನೀರಿನಲ್ಲಿ ದೋಣಿ ಮರಳಿಗೆ ತಾಗಿದರೆ ಸ್ವಲ್ಪ ಹೊತ್ತಿನಲ್ಲಿ ನೀರೇ ಎತ್ತುತ್ತದೆ. ಇಳಿಯುವ ನೀರಿನಲ್ಲಿ ತಾಗಿದರೆ ಗಂಟೆಗಟ್ಟಲೆ ಬಿಡುವುದಿಲ್ಲ. ಕಯಾಕ್‌ನಲ್ಲಿ ಹೋಗುವವರು ಕೂಡ ಮೊದಲು ಹರಿವಿನ ಎದುರು ಹೋಗಿ, ದಣಿದ ಮೇಲೆ ಹರಿವಿನೊಂದಿಗೆ ಹಿಂತಿರುಗುವಂತೆ ಹೊತ್ತನ್ನು ಹೊಂದಿಸಿಕೊಳ್ಳಬೇಕು.

ದೋಣಿ ಹತ್ತುವ ಮೊದಲು ಜೀವರಕ್ಷಕ ಜಾಕೆಟ್ ಪ್ರತಿಯೊಬ್ಬರಿಗೂ ಇದೆಯೇ, ಮಕ್ಕಳಿಗೆ ಮಕ್ಕಳ ಅಳತೆಯದೇ ಇದೆಯೇ ಎಂದು ಕೇಳಿ, ಧರಿಸಿ, ಭುಜದ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿ. ಗಲ್ಲದವರೆಗೆ ಜಾರಿ ಬರುವ ಜಾಕೆಟ್ ನೀರಿನಲ್ಲಿ ಉಪಯೋಗಕ್ಕೆ ಬಾರದು. ಸೀಟಿನ ಕೆಳಗೆ ಇಟ್ಟ ಜಾಕೆಟ್ ಇಲ್ಲದ ಜಾಕೆಟ್ಟಿಗೆ ಸಮ. ಎಂಜಿನ್ ಕೈಕೊಟ್ಟರೆ ಹುಟ್ಟು ಮತ್ತು ಹಗ್ಗಸಹಿತವಾದ ಲಂಗರು ದೋಣಿಯಲ್ಲಿವೆಯೇ ನೋಡಿ. ಪಾತಿ ದೋಣಿಯಂತಹ ಕಿರಿದಾದ ದೋಣಿಯಲ್ಲಿ ನಡುವೆ ಕುಳಿತೇ ಇರಬೇಕು. ಮೀನು ಸಿಕ್ಕ ಸಂಭ್ರಮದಲ್ಲಿ ಎಲ್ಲರೂ ಒಂದೇ ಬದಿಗೆ ಬಾಗುವ ಗಳಿಗೆ ಬಲು ಅಪಾಯದ್ದು. ತುರ್ತಿಗೆ 112, ಕರಾವಳಿ ಕಾವಲು ಪೊಲೀಸರ 1093 ಮತ್ತು ಭಾರತೀಯ ತಟರಕ್ಷಣಾ ಪಡೆಯ 1554 ಸಂಖ್ಯೆಗಳು ಮೊಬೈಲಿನಲ್ಲಿರಲಿ, ಮೊಬೈಲು ನೀರು ಸೇರದ ಚೀಲದಲ್ಲಿರಲಿ.

ಗಾಳದ ಸಾಮಾನಿಗೆ ಬಹಳ ಖರ್ಚು ಬೇಕಿಲ್ಲ. ಏಳೆಂಟು ಅಡಿ ಉದ್ದದ ಕೋಲು, ಉಪ್ಪುನೀರಿಗೆ ತಾಳುವ ಒಂದು ರೀಲು, 0.30 ಮಿಲಿಮೀಟರ್ ದಪ್ಪದ ನೈಲಾನ್ ದಾರ ಇದ್ದರೆ ಆರಂಭಕ್ಕೆ ಸಾಕು. ಮರಳು ತಳದಲ್ಲಿ ಕಾಣೆ ಮೀನಿಗೆ ಸಣ್ಣ ಗಾಳ ಬೇಕು, ಏಕೆಂದರೆ ಅದರ ಬಾಯಿ ಚಿಕ್ಕದು. ಕಲ್ಲುಗಳ ನಡುವೆ ಕೆಂಬೇರಿಗೋ ಮುರು ಮೀನಿಗೋ ಹಾಕುವುದಾದರೆ ದಾರವನ್ನು 0.50 ಮಿಲಿಮೀಟರ್‌ಗೆ ಏರಿಸಬೇಕು. ಕಚ್ಚಿದ ಕೂಡಲೇ ಅವು ಕಲ್ಲಿನ ಸಂದಿಗೆ ನುಗ್ಗುತ್ತವೆ, ತೆಳು ದಾರ ಕಲ್ಲಿಗೆ ಉಜ್ಜಿ ತುಂಡಾಗುತ್ತದೆ. ಸೀಸದ ಗುಂಡನ್ನು ದಾರದ ಮೇಲೆ ಸಡಿಲವಾಗಿ ಓಡುವಂತೆ ಪೋಣಿಸಿ, ಗಾಳಕ್ಕೆ ಎರಡು ಗೇಣು ಮೇಲೆ ಒಂದು ತಡೆ ಕಟ್ಟಿದರೆ, ಮೀನು ಭಾರವನ್ನು ಅರಿಯದೆ ಎರೆಯನ್ನು ಎಳೆದೊಯ್ಯುತ್ತದೆ. ಗುಂಡಿನ ತೂಕಕ್ಕೆ ಸೆಳೆತವೇ ಅಳತೆ: ತಳದಲ್ಲಿ ನಿಲ್ಲುವಷ್ಟು ಇರಬೇಕು, ಅದಕ್ಕಿಂತ ಹೆಚ್ಚು ಬೇಡ.

ಎರೆಗೆ ಸಿಗಡಿಯನ್ನು ಮೀರಿಸಿದ್ದಿಲ್ಲ. ಕಾಣೆಗೆ ಸುಲಿದ ಸಿಗಡಿಯ ಚೂರು, ಕೆಂಬೇರಿಗೂ ಸೀಬಾಸ್‌ಗೂ ಜೀವಂತ ಸಿಗಡಿ. ನೀರು ಏರುವಾಗ ಕಾಣೆಗಳು ಹೊಸದಾಗಿ ಮುಳುಗಿದ ಮರಳಿನ ಮೇಲೆ ಮೇಯಲು ಬರುತ್ತವೆ. ಆಗ ದೂರಕ್ಕೆ ಎಸೆಯುವ ಅಗತ್ಯವಿಲ್ಲ, ಮೊಣಕಾಲಿನಷ್ಟು ನೀರು ಇರುವಲ್ಲಿ ಎರೆ ಬಿದ್ದು, ಅದನ್ನು ಬಹಳ ನಿಧಾನವಾಗಿ ಸುತ್ತಿಕೊಳ್ಳುತ್ತಿದ್ದರೆ ಸಾಕು. ಉಬ್ಬರ ತುಂಬಿ ನಿಂತಾಗ ಎಲ್ಲವೂ ಅರ್ಧ ಗಂಟೆ ಸುಮ್ಮನಾಗುತ್ತದೆ. ಅದು ಊಟದ ಹೊತ್ತು. ಇಳಿತ ಶುರುವಾದ ಮೊದಲ ಒಂದೆರಡು ಗಂಟೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರುಗಳ ನಡುವಿನಿಂದ ಸಿಗಡಿಯೂ ಮರಿಮೀನುಗಳೂ ನೀರಿನೊಂದಿಗೆ ಹೊರಬೀಳುವಾಗ, ದೊಡ್ಡ ಮೀನುಗಳು ಕಿರುತೋಡುಗಳ ಬಾಯಲ್ಲಿ ಕಾದು ನಿಂತಿರುತ್ತವೆ. ಆ ಬಾಯಿಯಲ್ಲಿ ಎರೆ ಬಿಡಲು ಕಲಿತವರಿಗೆ ಬರಿಗೈಯಲ್ಲಿ ಮರಳುವ ದಿನಗಳು ಕಡಿಮೆ.

ದೋಣಿ ಬೇಡವೆನ್ನುವವರಿಗೆ ಅಳಿವೆಯ ಎರಡೂ ಬದಿಯ ತಡೆಗೋಡೆಗಳು ಆಕರ್ಷಕವಾಗಿ ಕಾಣುತ್ತವೆ. ಅಲ್ಲಿ ಮೇಲಿನ ಸಮತಟ್ಟಾದ ದಾರಿಯನ್ನು ಬಿಟ್ಟು ಕೆಳಗಿನ ಕಲ್ಲುಗಳಿಗೆ ಇಳಿಯಬಾರದು. ಪಾಚಿ ಹಿಡಿದ ಕಲ್ಲು ಜಾರುತ್ತದೆ. ಒಣಗಿದ ಕಲ್ಲೂ ಸುರಕ್ಷಿತವೆಂದಲ್ಲ, ಹತ್ತು ನಿಮಿಷಕ್ಕೊಮ್ಮೆ ಬರುವ ದೊಡ್ಡ ಅಲೆ ಅದನ್ನೂ ಮುಟ್ಟಬಹುದು. ಸೆಲ್ಫಿಗಾಗಿ ಅಲ್ಲಿಗೆ ಇಳಿಯುವ ಮಕ್ಕಳನ್ನು ಕಂಡರೆ ಗುರುತಿಲ್ಲದವರಾದರೂ ಕೂಗಿ ಮೇಲೆ ಕರೆಯಿರಿ.

ಸಿಕ್ಕ ಮೀನನ್ನೆಲ್ಲ ಬರಿಗೈಯಲ್ಲಿ ಹಿಡಿಯಬಾರದು. ಶೇಡೆ (ಕ್ಯಾಟ್‌ಫಿಶ್) ಮೀನಿನ ಬೆನ್ನಿನಲ್ಲೂ ಎರಡು ಪಕ್ಕೆಗಳಲ್ಲೂ ಇರುವ ಮುಳ್ಳುಗಳಿಗೆ, ತೊರಕೆಯ (ಸ್ಟಿಂಗ್‌ರೇ) ಬಾಲದ ಮುಳ್ಳಿಗೆ ವಿಷವಿದೆ. ಚುಚ್ಚಿದರೆ ಗಾಯವನ್ನು ತೊಳೆದು, ತಾಳಿಕೊಳ್ಳಬಹುದಾದಷ್ಟು ಬಿಸಿಯಾದ ನೀರಿನಲ್ಲಿ ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಅದ್ದಿಡಬೇಕು. ನೀರಿನ ಬಿಸಿಯನ್ನು ಗಾಯವಿಲ್ಲದ ಕೈಯಿಂದ ಪರೀಕ್ಷಿಸಬೇಕು, ಏಕೆಂದರೆ ಚುಚ್ಚಿದ ಕೈಗೆ ಸುಡುವುದು ಗೊತ್ತಾಗದಿರಬಹುದು. ಮುಳ್ಳು ಮುರಿದು ಒಳಗೆ ಉಳಿದಿದ್ದರೆ, ಎದೆಗೆ ಅಥವಾ ಹೊಟ್ಟೆಗೆ ತಾಗಿದ್ದರೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ಹೊಟ್ಟೆಯನ್ನು ಚೆಂಡಿನಂತೆ ಊದಿಸಿಕೊಳ್ಳುವ ಮೀನು ಸಿಕ್ಕರೆ ನೀರಿಗೆ ಬಿಡಿ. ಅದರ ವಿಷ ಬೇಯಿಸಿದರೂ ಹೋಗುವುದಿಲ್ಲ.

ಈ ನೀರು ನಮಗೆ ವಿಹಾರ, ಇಲ್ಲಿನವರಿಗೆ ಅನ್ನ. ನೀರಿನಲ್ಲಿ ಬಿಟ್ಟಿರುವ ಕಂತಬಲೆಯ ತೇಲುಬುರುಡೆಗಳ ಸಾಲು ಕಂಡರೆ ಅದರ ಮೇಲೆ ದೋಣಿ ಹಾಯಿಸಬಾರದು, ಅದರ ಹತ್ತಿರ ಗಾಳ ಎಸೆಯಬಾರದು. ಮೀನು ಸಾಕುವ ಪಂಜರಗಳಿಗೆ ದೋಣಿಯನ್ನು ಕಟ್ಟಬಾರದು. ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳಿಗೂ ಹತ್ತು ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಇರುವ ದೋಣಿಗಳಿಗೂ ಸಮುದ್ರದಲ್ಲಿ ಮೀನುಗಾರಿಕೆ ನಿಷಿದ್ಧ. ಸಾವಿರಾರು ಕುಟುಂಬಗಳು ಮೀನಿನ ಸಂತತಿಗಾಗಿ ಬಲೆ ಮಡಚಿಡುವಾಗ ನಾವೂ ಮರಿಮೀನುಗಳನ್ನು ಮನೆಗೆ ಒಯ್ಯದಿರುವುದು ನ್ಯಾಯ. ಬಿಡಬೇಕಾದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು, ಗಾಳ ಆಳಕ್ಕೆ ಹೋಗಿದ್ದರೆ ಕೀಳದೆ ಬಾಯಿಯ ಬಳಿ ದಾರ ಕತ್ತರಿಸಿ, ನೀರಿನಲ್ಲಿ ತಲೆಯನ್ನು ಹರಿವಿನ ಎದುರಿಗೆ ಹಿಡಿದಿದ್ದರೆ ಅದು ತಾನಾಗಿಯೇ ಬಾಲ ಬೀಸಿ ಹೋಗುತ್ತದೆ. ಕೋಡಿಯ ಮರಳಿನಲ್ಲಿ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ; ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ರಾತ್ರಿ ಗಾಳ ಹಾಕುವವರು ದಡದ ಮೇಲೆ ಟಾರ್ಚ್ ಬೀಸದಿರಲಿ. ತುಂಡಾದ ನೈಲಾನ್ ದಾರವನ್ನು ಒಂದು ಗೇಣೂ ಬಿಡದೆ ಸುತ್ತಿ ಜೇಬಿಗೆ ಹಾಕಿಕೊಳ್ಳಿ, ಏಕೆಂದರೆ ಆಮೆಯ ಕಾಲಿಗೂ ಕೊಕ್ಕರೆಯ ಕಾಲಿಗೂ ಸಿಕ್ಕಿಕೊಳ್ಳುವುದು ಅದೇ.

ಇಟ್ಟುಕೊಂಡ ಮೀನನ್ನು ಬಿಸಿಲಿನಲ್ಲಿ ನೀರು ತುಂಬಿದ ಬಕೆಟ್ಟಿನಲ್ಲಿ ಇಡದೆ, ಕೂಡಲೇ ಪುಡಿಮಾಡಿದ ಐಸಿನಲ್ಲಿ ಹೂತಿಡಬೇಕು. ಕಾಣೆ ಬಲು ನಾಜೂಕಾದ ಮೀನು. ಮಧ್ಯಾಹ್ನದೊಳಗೆ ಮಾಂಸ ಮೆತ್ತಗಾಗಿಬಿಡುತ್ತದೆ. ದಡಕ್ಕೆ ಬಂದ ಮೇಲೆ ರೀಲನ್ನೂ ಕೋಲಿನ ಬಳೆಗಳನ್ನೂ ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ, ಆ ದಿನದ ಉಬ್ಬರದ ಹೊತ್ತಿಗೆ ಐವತ್ತು ನಿಮಿಷ ಕೂಡಿಸಿ ಮರುದಿನದ ಹೊತ್ತನ್ನು ಬರೆದಿಟ್ಟುಕೊಳ್ಳಿ.