ನೊಗ ಇಟ್ಟ ಕೂಡಲೇ ಮಲಗುತ್ತಿದ್ದ ಹೋರಿ: ನನ್ನ ಅನುಭವ

ಎರಡೂವರೆ ವರ್ಷದ ಹಳ್ಳಿಕಾರ್ ತಳಿಯ ಹೋರಿ. ಹಗ್ಗ ಹಿಡಿದು ನಡೆಸಿದರೆ ಬಲು ಸಾಧು. ನೊಗ ಹೆಗಲಿಗೆ ಬಿದ್ದರೆ ಸಾಕು, ಮುಂಗಾಲು ಮಡಿಸಿ ಮಲಗಿಬಿಡುತ್ತಿತ್ತು.

ಬಾರುಕೋಲು, ಬಾಲ ತಿರುಚುವುದು, ಮುಂದೆ ಹಸಿ ಹುಲ್ಲು ಹಿಡಿಯುವುದು, ಯಾವುದೂ ನಡೆಯಲಿಲ್ಲ. ಹೊಡೆದಷ್ಟೂ ಜಾಸ್ತಿ ಹೊತ್ತು ಮಲಗುತ್ತಿತ್ತು. ಖಾಲಿ ಗಾಡಿಗೆ ಕಟ್ಟಿದ್ದಂತೂ ದೊಡ್ಡ ತಪ್ಪು, ಚಕ್ರದ ಸದ್ದಿಗೇ ಬೆದರಿತು.

ಸರಿಹೋಗಿದ್ದು ಹೀಗೆ. ಮೊದಲ ವಾರ ಗಾಡಿಯೇ ಇಲ್ಲ. ಪಳಗಿದ ಮುದಿ ಎತ್ತು ಬಲಕ್ಕೆ, ಇದು ಎಡಕ್ಕೆ. ಬರೀ ನೊಗ, ಬೆಳಗಿನ ತಂಪಲ್ಲಿ 10 ನಿಮಿಷ, ಅಷ್ಟೇ. ಮಲಗುವ ಮುಂಚೆ ಅದು ತಲೆ ತಗ್ಗಿಸಿ ನೆಲ ಮೂಸುತ್ತಿತ್ತು, ಮುಂಗಾಲು ಎರಡನ್ನೂ ಹತ್ತಿರ ತರುತ್ತಿತ್ತು. ಗುಟ್ಟು ಇರುವುದೇ ಇಲ್ಲಿ. ಅದು ಮೂಸುವ ಮೊದಲೇ ನಾನೇ ನಿಲ್ಲಿಸಿ ನೊಗ ಇಳಿಸುತ್ತಿದ್ದೆ. ತಪ್ಪಿ ಮಲಗಿದರೆ ಕೊರಳ ಹಗ್ಗ ಸಡಿಲಿಸಿ ಸುಮ್ನೆ ಕಾಯಬೇಕು. ಎದ್ದು ನಾಲ್ಕು ಹೆಜ್ಜೆ ನಡೆದ ಮೇಲಷ್ಟೇ ನೊಗ ಬಿಚ್ಚಬೇಕು. ಮಲಗಿದಾಗಲೇ ಬಿಚ್ಚಿದರೆ ಮಲಗುವುದನ್ನೇ ಕಲಿಸಿದಂತೆ, ಅಲ್ವಾ?

ಎರಡನೇ ವಾರ ಮರದ ಕೊರಡು ಎಳೆಸಿದೆ. ನಾಲ್ಕನೇ ವಾರ ಮಣ್ಣು ದಾರಿಯಲ್ಲಿ ಖಾಲಿ ಗಾಡಿ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೊಡೆದುಕೊಂಡು ಹೋಗುವ ಮುಂಚೆ, ತಮಟೆ ಸದ್ದಿನ ಹತ್ತಿರ ದಿನಾ 5 ನಿಮಿಷ ತಲೆಯೆತ್ತಿ ನಿಲ್ಲಿಸಿದೆ. ಈಗ ನೊಗ ಎತ್ತಿದರೆ ತಾನೇ ಹೆಗಲು ಕೊಡುತ್ತದೆ.